ಗಾಯಾಳುವಿನ ಮಾತು, ವೈದ್ಯನ ಬರಹ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹಗಳ ಮಾತು ಬರುವುದೆಂದು ತಾವು ನಿರೀಕ್ಷಿಸಿರಬಹುದು. ಇಂದು ನಾನು ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಂಡು, ಹಲ್ಲೆಯ ಮೊಕದ್ದಮೆಗಳಲ್ಲಿ ಗಾಯಾಳುವಿನ ಸಾಕ್ಷ್ಯವನ್ನು ಭಾರತದ ನ್ಯಾಯಾಲಯಗಳು ಹೇಗೆ ತೂಗುತ್ತವೆಂಬುದನ್ನು ಹೇಳಬಯಸುತ್ತೇನೆ.

ಎಂ.ಬಿ.ಬಿ.ಎಸ್. ಮುಗಿಸಿ ಕರ್ನಾಟಕದ ಒಂದು ಸರಕಾರಿ ಆಸ್ಪತ್ರೆಯಲ್ಲಿದ್ದಾಗ, ಹೊಲದ ಬದುವಿನ ಜಗಳದಲ್ಲಿ ಪೆಟ್ಟು ತಿಂದ ರೈತನೊಬ್ಬನನ್ನು ರಾತ್ರಿ ಕರೆತಂದರು. ನೆತ್ತಿಯ ಗಾಯದ ಅಂಚು ನೇರವಾಗಿತ್ತು. ಹೊಲಿಗೆ ಹಾಕಿ, ಗಾಯದ ಪ್ರಮಾಣಪತ್ರದಲ್ಲಿ ‘ಹರಿತವಾದ ಆಯುಧದಿಂದ ಆದದ್ದು’ ಎಂದು ಬರೆದೆ. ನ್ಯಾಯಾಲಯದಲ್ಲಿ ಆತ ‘ದೊಣ್ಣೆಯಿಂದ ಹೊಡೆದರು’ ಎಂದ. ನಾನು ನನ್ನ ಬರಹಕ್ಕೇ ಅಂಟಿಕೊಂಡೆ. ಆರೋಪಿಗಳು ಖುಲಾಸೆಯಾದರು.

ವರ್ಷಗಳ ಅನಂತರ ವಿದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಹಿರಿಯ ವೈದ್ಯರೊಬ್ಬರು ಅಂಥದೇ ಗಾಯವನ್ನು ತೋರಿಸಿದರು. ನೆತ್ತಿಯಲ್ಲಿ ಚರ್ಮದ ಅಡಿಯಲ್ಲೇ ಎಲುಬಿರುವುದರಿಂದ ಮೊಂಡು ಪೆಟ್ಟಿಗೂ ಚರ್ಮ ಕತ್ತರಿಸಿದಂತೆ ಸೀಳುತ್ತದೆ. ಜಜ್ಜಿದ ಅಂಚು, ನಲುಗಿದ ಕೂದಲ ಬುಡ, ಗಾಯದ ಆಳದಲ್ಲಿ ತುಂಡಾಗದೆ ಉಳಿದ ಎಳೆಗಳು, ಇವೇ ಅದರ ಗುರುತು. ತರಗತಿಯಲ್ಲಿ ಕೇಳಿದ್ದ ಪಾಠವೇ; ಆ ರಾತ್ರಿ ನಾನು ನೋಡಲೇ ಇಲ್ಲ.

ಗಾಯಾಳುವಿನ ಸಾಕ್ಷ್ಯಕ್ಕೆ ವಿಶೇಷ ಸ್ಥಾನವುಂಟೆಂದು ಸರ್ವೋಚ್ಚ ನ್ಯಾಯಾಲಯ 2010ರ ಅಬ್ದುಲ್ ಸಯೀದ್ ಪ್ರಕರಣದಲ್ಲಿ ಹೇಳಿತು. ಆತ ಸ್ಥಳದಲ್ಲಿದ್ದನೆಂಬುದಕ್ಕೆ ಗಾಯವೇ ಆಧಾರ. ನಿಜವಾಗಿ ಹೊಡೆದವನನ್ನು ಬಿಟ್ಟು ಬೇರೊಬ್ಬನನ್ನು ಸಿಕ್ಕಿಸಲು ಆತ ಸಾಮಾನ್ಯವಾಗಿ ಹೋಗುವುದಿಲ್ಲ. ವೈದ್ಯಕೀಯ ಸಾಕ್ಷ್ಯವು ಆತನ ಹೇಳಿಕೆಯನ್ನು ಸಂಪೂರ್ಣವಾಗಿ ಅಸಾಧ್ಯವೆನಿಸಿದಾಗ ಅದನ್ನು ನಂಬದಿರಬಹುದು.

ಆದರೆ ಗಾಯವು ‘ಇದ್ದ’ ಎನ್ನುತ್ತದೆಯೇ ಹೊರತು ‘ಇಂಥವನೇ ಹೊಡೆದ’ ಎನ್ನುವುದಿಲ್ಲ. ಕತ್ತಲೆ, ಹಳೆಯ ಹಗೆತನ, ಗುಂಪಿನ ಗದ್ದಲ ಇವೆಲ್ಲವನ್ನೂ ತೂಗಬೇಕು. ತಲೆಗೆ ಪೆಟ್ಟು ಬಿದ್ದವನಿಗೆ ಪೆಟ್ಟಿನ ಹಿಂದುಮುಂದಿನ ಕ್ಷಣಗಳು ಮರೆತುಹೋಗಬಹುದು. ಆದ್ದರಿಂದ ಸಣ್ಣ ವ್ಯತ್ಯಾಸಗಳು ಸುಳ್ಳಿನ ಲಕ್ಷಣವಲ್ಲ. ಪ್ರತಿ ಏಟಿನ ಲೆಕ್ಕವನ್ನೂ ತಪ್ಪದೆ ಒಪ್ಪಿಸುವ ಹೇಳಿಕೆಯನ್ನೇ ಎಚ್ಚರದಿಂದ ಕೇಳಬೇಕಾದೀತು.

ಮೇಲ್ಮನವಿಯಲ್ಲಿ ತೊಡಕು ಹೆಚ್ಚು. ಅಲ್ಲಿಯ ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಸಾಕ್ಷಿಯ ಮುಖವನ್ನು ಕಾಣುವುದಿಲ್ಲ; ಕಾಗದವನ್ನು ಓದುತ್ತಾರೆ. ಅವರು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಬಹುದು. ಆದರೆ ಖುಲಾಸೆಯಿಂದ ಆರೋಪಿಯ ನಿರಪರಾಧಿತ್ವದ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ, ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂದು 2007ರಲ್ಲಿ ಚಂದ್ರಪ್ಪ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಮಾನವಾಯಿತು. ನಿರಪರಾಧಿಗಳ ರಕ್ಷಣೆಗೆ ಈ ನಿಯಮ ಬೇಕೇ ಬೇಕು. ಹಾಗೆಂದೇ ಪ್ರಮಾಣಪತ್ರದ ಒಂದು ಸಾಲು ತಪ್ಪಿದರೆ ಅದನ್ನು ಮೇಲೆ ತಿದ್ದುವುದು ಕಷ್ಟ.

1872ರ ಸಾಕ್ಷ್ಯ ಅಧಿನಿಯಮದ ಸ್ಥಾನಕ್ಕೆ 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಸಾಕ್ಷಿಗಳು ಇಂತಿಷ್ಟೇ ಇರಬೇಕೆಂಬ ನಿಯಮ ಅಂದೂ ಇರಲಿಲ್ಲ, ಇಂದೂ ಇಲ್ಲ. ಒಬ್ಬನೇ ಗಾಯಾಳುವಿನ ಮಾತು ಸಾಕಾಗಬಹುದು; ಅದು ಗಟ್ಟಿಯಾಗಿರಬೇಕು, ಅಷ್ಟೇ.

ಆ ರೈತ ನಿಜ ಹೇಳಿದನೇ? ಇಂದು ಹೇಳಲಾರೆ. ಹೇಳಬಲ್ಲ ಗುರುತುಗಳನ್ನು ನಾನು ಬರೆದಿಡಲಿಲ್ಲ. ಆತನ ಮಾತನ್ನು ಅಳೆಯಬೇಕಾದ ಕೋಲನ್ನೇ ಸೊಟ್ಟಗೆ ಮಾಡಿದ್ದೆ. ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದೇ ವಿನಂತಿ: ಕಂಡದ್ದನ್ನು ಮೊದಲು ಬರೆಯಿರಿ, ಊಹಿಸಿದ್ದನ್ನು ಬೇರೆಯಾಗಿ ಬರೆಯಿರಿ.