ಹೋದ ಪ್ರಾಯ ಗುಳಿಗೆಯಲ್ಲಿ ಬರುತ್ತದೆಯೇ?



ನಮ್ಮ ರಾತ್ರಿ ತರಗತಿಗೆ ಒಬ್ಬ ಅಕ್ಕ ಬರ್ತಾರೆ. ವಯಸ್ಸು 56. ಮುಟ್ಟು ನಿಂತು ಐದು ವರ್ಷ ಆಗಿತ್ತು. ಒಂದು ದಿನ ನಗುನಗುತ್ತಾ ಬಂದರು.

"ಟೀಚರ್, ನನಗೆ ಮತ್ತೆ ಮುಟ್ಟು ಬಂತು. ಪ್ರಾಯ ವಾಪಸ್ ಬರ್ತಾ ಇದೆ" ಅಂದರು. ಚೀಲದಿಂದ ಒಂದು ಡಬ್ಬಿ ತೆಗೆದರು. ಪರಿಚಯದವರು ಪಟ್ಟಣದಿಂದ ತಂದುಕೊಟ್ಟ ಗುಳಿಗೆ. ವೈದ್ಯರ ಚೀಟಿ ಇಲ್ಲ. ಡಬ್ಬಿ ಓದಿದೆವು. ಒಳಗಿದ್ದದ್ದು ಈಸ್ಟ್ರೋಜೆನ್ ಎಂಬ ಹಾರ್ಮೋನು. ನಮ್ಮ ಎದೆ ಧಸಕ್ಕೆಂದಿತು.

ಹಾರ್ಮೋನು ಅಂದರೆ ಏನು? ನಮ್ಮ ಮೈಯೊಳಗೆ ಗ್ರಂಥಿಗಳಿವೆ. ಅವು ರಕ್ತಕ್ಕೆ ಬಿಡುವ ರಸವೇ ಹಾರ್ಮೋನು. ಹೆಣ್ಣಿನ ಅಂಡಾಶಯ ಈಸ್ಟ್ರೋಜೆನ್ ಕೊಡುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಅದು ಬಹಳ ಕಡಿಮೆಯಾಗುತ್ತದೆ. ಬೇರೆ ಕೆಲವು ಹಾರ್ಮೋನುಗಳೂ ವಯಸ್ಸಾದಂತೆ ಇಳಿಯುತ್ತವೆ.

ಇಳಿದದ್ದನ್ನು ತುಂಬಿದರೆ ಪ್ರಾಯ ಬರುತ್ತದೆ ಅನ್ನೋದು ಮಾರುವವರ ಲೆಕ್ಕ. ದೀಪಕ್ಕೆ ಎಣ್ಣೆ ಹಾಕಿದ ಹಾಗೆ. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ?

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ಡಿಎಚ್‌ಇಎ ಎಂಬ ಹಾರ್ಮೋನಿನ ಗುಳಿಗೆ ಅಂಗಡಿಯಲ್ಲೇ ಸಿಗುತ್ತದೆ. ಚೀಟಿ ಬೇಡ. 60 ದಾಟಿದ ಗಂಡಸರು, ಹೆಂಗಸರು ಕೆಲವರಿಗೆ ಎರಡು ವರ್ಷ ಆ ಗುಳಿಗೆ ಕೊಟ್ಟರು. ಉಳಿದ ಕೆಲವರಿಗೆ ಔಷಧಿಯೇ ಇಲ್ಲದ ಗುಳಿಗೆ ಕೊಟ್ಟರು. ಯಾರಿಗೆ ಯಾವುದು ಅಂತ ತಿಳಿಸಲಿಲ್ಲ. 2006ರಲ್ಲಿ ಫಲ ಹೊರಬಂತು. ರಕ್ತದಲ್ಲಿ ಹಾರ್ಮೋನು ಏರಿತ್ತು. ಆದರೆ ಮೈಬಲ ಏರಲಿಲ್ಲ, ಕೊಬ್ಬು ಇಳಿಯಲಿಲ್ಲ. ದುಡ್ಡು ದಂಡ.

ಈಸ್ಟ್ರೋಜೆನ್ ಕಥೆ ಇನ್ನೂ ದೊಡ್ಡದು. ಅಲ್ಲೇ 50ರಿಂದ 79 ವಯಸ್ಸಿನ 16,608 ಹೆಂಗಸರನ್ನು ಸೇರಿಸಿದರು. ಅರ್ಧ ಜನಕ್ಕೆ ಈಸ್ಟ್ರೋಜೆನ್ ಜೊತೆ ಇನ್ನೊಂದು ಹಾರ್ಮೋನು ಸೇರಿಸಿ ಕೊಟ್ಟರು. ಹೃದಯಕ್ಕೆ ಒಳ್ಳೆಯದಾದೀತು ಅಂತ ಆಸೆ. 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗುಳಿಗೆ ತಿಂದ 10,000 ಹೆಂಗಸರಲ್ಲಿ ವರ್ಷಕ್ಕೆ 8 ಜನಕ್ಕೆ ಹೆಚ್ಚಾಗಿ ಸ್ತನದ ಕ್ಯಾನ್ಸರ್. 8 ಜನಕ್ಕೆ ಹೆಚ್ಚಾಗಿ ಲಕ್ವ. ಆದರೆ ಸೊಂಟದ ಮೂಳೆ ಮುರಿಯುವುದು ಕಡಿಮೆಯಾಯಿತು. ಅದನ್ನೂ ಹೇಳಬೇಕು.

ಹಾಗಂತ ಇದು ವಿಷವಲ್ಲ. ಮುಟ್ಟು ನಿಲ್ಲುವಾಗ ಕೆಲವರಿಗೆ ಮೈ ಬೆಂಕಿಯಾಗುತ್ತದೆ. ರಾತ್ರಿ ಬೆವರಿ ಸೀರೆ ಒದ್ದೆಯಾಗುತ್ತದೆ. ನಿದ್ದೆ ಬರೋಲ್ಲ. ಇದಕ್ಕೆ ಈ ಔಷಧಿ ನಿಜವಾಗಿ ಕೆಲಸ ಮಾಡುತ್ತದೆ. 60 ದಾಟದವರಿಗೆ, ಮುಟ್ಟು ನಿಂತು ಹೆಚ್ಚು ವರ್ಷ ಆಗದವರಿಗೆ, ವೈದ್ಯರು ಪರೀಕ್ಷೆ ಮಾಡಿ ಕೊಡುತ್ತಾರೆ. ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ಕೇಳಿ. ಅದು ತೊಂದರೆಗೆ ಮದ್ದು, ಪ್ರಾಯಕ್ಕೆ ಅಲ್ಲ.

ಗರ್ಭಕೋಶ ಇರುವವರು ಬರೀ ಈಸ್ಟ್ರೋಜೆನ್ ತಿಂದರೆ ಅದರ ಒಳಪದರ ದಪ್ಪವಾಗುತ್ತದೆ. ರಕ್ತ ಹೋಗುತ್ತದೆ. ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ನಮ್ಮ ಅಕ್ಕನಿಗೆ ಬಂದದ್ದು ಮುಟ್ಟಲ್ಲ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರ ಹತ್ತಿರ ಹೋಗಬೇಕು. ಗುಳಿಗೆ ತಿಂದಿರಲಿ, ಬಿಡಲಿ.

ಮಾರನೇ ದಿನವೇ ಅವರ ಜೊತೆ ನಾವೂ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡಿದರು. ಪದರ ದಪ್ಪವಾಗಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಆ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರ್ ಇಲ್ಲ ಅಂತ ಬಂತು. ಗುಳಿಗೆ ನಿಲ್ಲಿಸಿದರು.

ಆ ಡಬ್ಬಿ ಈಗ ನಮ್ಮ ತರಗತಿಯ ಮೇಜಿನ ಮೇಲಿದೆ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಶನಿವಾರ ತನ್ನಿ. ಕೂತು ಓದೋಣ.