ತಿಂಗಳ ಸಂಬಳ, ವರ್ಷದ ವೆಚ್ಚ



ಮಿತವ್ಯಯವೆಂದೊಡನೆ ನಮ್ಮಲ್ಲಿ ಅನೇಕರಿಗೆ ಎರಡನೆಯ ಲೋಟ ಕಾಫಿಯನ್ನು ಬಿಡುವುದು, ಹೂವಿನವಳೊಡನೆ ಮೊಳಕ್ಕೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡುವುದು, ಇವೇ ನೆನಪಿಗೆ ಬರುವುವು. ಇವುಗಳಿಂದ ನಾಲ್ಕು ಕಾಸು ಉಳಿಯದೆಂದು ನಾನು ಹೇಳಲಾರೆ. ಆದರೆ ನಮ್ಮ ನಗರಗಳ ಸಂಬಳದಾರರ ಸಂಸಾರಗಳು ಕಾಫಿಯಿಂದಾಗಲಿ ಹೂವಿನಿಂದಾಗಲಿ ಸಾಲಕ್ಕೆ ಬಿದ್ದುದನ್ನು ಕಂಡವರು ವಿರಳ. ಅವು ಸಾಲಕ್ಕೆ ಬೀಳುವುದು ಜೂನ್ ತಿಂಗಳಿನ ಶಾಲೆಯ ಶುಲ್ಕದಿಂದ, ಗೌರಿ ಗಣೇಶನ ಹಬ್ಬದಿಂದ, ವೈಶಾಖದ ಮದುವೆಗಳಿಂದ. ಇವುಗಳಲ್ಲಿ ಒಂದಾದರೂ ಅನಿರೀಕ್ಷಿತವೇ? ಪಂಚಾಂಗದಲ್ಲಿ ಅಚ್ಚಾಗಿರುವ ಹಬ್ಬವು ಸಹ ನಮ್ಮನ್ನು ಪ್ರತಿವರ್ಷವೂ ಬೆರಗುಗೊಳಿಸುವುದು ವಿಚಿತ್ರವಲ್ಲವೆ?

ರೈತನ ಮನೆಯಲ್ಲಿ ಆದಾಯವು ವರ್ಷಕ್ಕೊಮ್ಮೆ ಬರುತ್ತದೆ, ವೆಚ್ಚವು ದಿನದಿನವೂ ನಡೆಯುತ್ತದೆ. ಆದುದರಿಂದಲೇ ಹಳೆಯ ಮೈಸೂರು ಸೀಮೆಯ ರೈತರು ನೆಲದಲ್ಲಿ ಹಗೇವು ತೋಡಿ, ಸುಗ್ಗಿಯ ರಾಗಿಯನ್ನು ಅದರಲ್ಲಿ ತುಂಬಿ, ಬಾಯಿ ಮುಚ್ಚಿಡುತ್ತಿದ್ದರು. ಹಲವು ವರ್ಷಗಳಾದರೂ ಕೆಡದೆ ಉಳಿಯುವ ಗುಣವು ರಾಗಿಗೆ ಉಂಟು; ಮಳೆ ಕೈಕೊಟ್ಟ ವರ್ಷವನ್ನು ಆ ಹಗೇವು ದಾಟಿಸುತ್ತಿತ್ತು. ಪಟ್ಟಣದ ಸಂಬಳದಾರನ ಸ್ಥಿತಿ ಇದಕ್ಕೆ ತಿರುಗುಮುರುಗು. ಅವನಿಗೆ ಆದಾಯವು ಹನ್ನೆರಡು ಸಮಪಾಲಾಗಿ ಬರುತ್ತದೆ. ವೆಚ್ಚವೋ ಕೆಲವು ತಿಂಗಳು ಹನಿಯಾಗಿ, ಕೆಲವು ತಿಂಗಳು ಹೊಳೆಯಾಗಿ ಹರಿಯುತ್ತದೆ. ರೈತನಿಗೆ ಹಗೇವು ಬೇಕೆಂಬುದು ಕಣ್ಣಿಗೆ ಕಾಣುವ ಸಂಗತಿ. ನಮಗೂ ಅದು ಬೇಕೆಂಬುದನ್ನು ಪ್ರತಿ ತಿಂಗಳ ಒಂದನೆಯ ತಾರೀಖು ಮರೆಸಿಬಿಡುತ್ತದೆ.

ತಿಂಗಳಿಗೆ ೪೦,೦೦೦ ರೂಪಾಯಿ ಬರುವ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಇಬ್ಬರು ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಗಳಿಗೆ ವರ್ಷಕ್ಕೆ ೩೬,೦೦೦; ಹಬ್ಬಗಳಿಗೂ ಬಟ್ಟೆಬರೆಗೂ ೧೮,೦೦೦; ವಿಮೆಯ ಕಂತು ೧೨,೦೦೦; ಮದುವೆ ಮುಂಜಿಗಳ ಉಡುಗೊರೆಗೂ ಪ್ರಯಾಣಕ್ಕೂ ೧೪,೦೦೦; ಕಾಯಿಲೆ ಕಸಾಲೆಗೂ ಮನೆಯ ರಿಪೇರಿಗೂ ೧೬,೦೦೦. ಒಟ್ಟು ೯೬,೦೦೦ ಆಯಿತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ೮,೦೦೦. ಎಂದರೆ ಈ ಮನೆಯ ನಿಜವಾದ ತಿಂಗಳ ಆದಾಯ ೪೦,೦೦೦ ಅಲ್ಲ, ೩೨,೦೦೦. ಬಾಡಿಗೆಯ ಮನೆಯನ್ನು ಗೊತ್ತುಮಾಡುವಾಗಲೂ, ಹೊಸ ದೂರವಾಣಿಯನ್ನು ಕಂತಿನಲ್ಲಿ ಕೊಳ್ಳುವಾಗಲೂ ಈ ಎರಡನೆಯ ಅಂಕಿಯನ್ನೇ ಮುಂದಿಟ್ಟುಕೊಳ್ಳತಕ್ಕದ್ದು. ಮೊದಲನೆಯದನ್ನು ನಂಬಿ ಸಂಸಾರ ಹೂಡಿದವರಿಗೆ ಹತ್ತು ತಿಂಗಳು ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೋಸವಿರುವುದು ಅಲ್ಲಿಯೇ.

ಇನ್ನು ಜೂನ್ ತಿಂಗಳಿನ ೩೬,೦೦೦ ರೂಪಾಯಿಗಳನ್ನು ಮಾತ್ರ ತೆಗೆದುಕೊಳ್ಳಿ. ಒಬ್ಬ ಗೃಹಸ್ಥನು ಹಿಂದಿನ ಜೂನ್ ತಿಂಗಳಿನಿಂದ ಮೇ ತಿಂಗಳವರೆಗೆ, ತಿಂಗಳಿಗೆ ೩,೦೦೦ದಂತೆ, ಬ್ಯಾಂಕಿನ ಆವರ್ತ ಠೇವಣಿಯಲ್ಲಿ ಕಟ್ಟುತ್ತಾನೆ. ಅವನ ನೆರೆಯವನು ಜೂನ್ ತಿಂಗಳಿನಲ್ಲಿ ಅಷ್ಟೇ ಹಣವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಸಾಲ ತಂದು, ತಿಂಗಳಿಗೆ ೩,೦೦೦ ಅಸಲನ್ನೂ ಉಳಿದ ಬಾಕಿಯ ಮೇಲೆ ಬಡ್ಡಿಯನ್ನೂ ಸಲ್ಲಿಸುತ್ತಾ ಬರುತ್ತಾನೆ. ಇಬ್ಬರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಾರೆ. ಇಬ್ಬರೂ ತಿಂಗಳಿಗೆ ಅದೇ ೩,೦೦೦ವನ್ನು ತೆಗೆದಿಡುತ್ತಾರೆ. ಆದರೆ ಎರಡನೆಯವನು ವರ್ಷದ ಕೊನೆಗೆ ತೆತ್ತ ಬಡ್ಡಿ ೪,೬೮೦ ರೂಪಾಯಿ. ಮೊದಲನೆಯವನಿಗೆ ಬ್ಯಾಂಕು ತಾನೇ ಸ್ವಲ್ಪ ಬಡ್ಡಿಯನ್ನು ಕೊಟ್ಟಿದೆ. ಸಾಲ ಮಾಡುವವನು ದುಂದುಗಾರನೆಂದು ನಾವು ಸುಲಭವಾಗಿ ಹಳಿಯುತ್ತೇವೆ. ಅವನು ಉಳಿತಾಯಗಾರನಷ್ಟೇ ಶಿಸ್ತಿನಿಂದ ತಿಂಗಳು ತಿಂಗಳೂ ಹಣ ಕಟ್ಟುತ್ತಿರುವನೆಂಬುದನ್ನು ಗಮನಿಸುವುದಿಲ್ಲ. ಅವನು ಹಿಂದುಳಿದಿರುವುದು ಒಂದು ವರ್ಷ ಮಾತ್ರ.

ಆ ಒಂದು ವರ್ಷವನ್ನು ದಾಟುವುದು ಹೇಗೆ? ಹಳೆಯ ಸಾಲವನ್ನು ತೀರಿಸುತ್ತಾ ಮುಂದಿನ ವರ್ಷಕ್ಕೂ ಕೂಡಿಡುವುದು ಬಹು ಕಷ್ಟ. ಅದನ್ನು ಸುಲಭವೆಂದು ಬೋಧಿಸುವವರನ್ನು ನಂಬಬೇಡಿ. ನನಗೆ ತೋರುವ ಉಪಾಯವೊಂದುಂಟು. ಯಾವುದಾದರೊಂದು ಸಾಲದ ಕಂತು ಮುಗಿದ ತಿಂಗಳಿನಲ್ಲಿ ಮನೆಯವರು ಅದಿಲ್ಲದೆಯೇ ಬದುಕಲು ಕಲಿತಿರುತ್ತಾರಷ್ಟೆ. ಅದೇ ಮೊತ್ತವನ್ನು ಮರುತಿಂಗಳಿನಿಂದ ನಿಲ್ಲಿಸದೆ ತಮ್ಮ ಹೆಸರಿನಲ್ಲಿಯೇ ಕಟ್ಟತೊಡಗಬೇಕು. ಒಂದು ತಿಂಗಳು ಬಿಟ್ಟರೂ ಆ ಹಣಕ್ಕೆ ಹೊಸದೊಂದು ಅಗತ್ಯ ಹುಟ್ಟಿಕೊಳ್ಳುತ್ತದೆ. ದೂರದ ಅಗತ್ಯಗಳಿಗೆ ಅಂಚೆಯ ಕಚೇರಿಯಲ್ಲಿ ಐದು ವರ್ಷಗಳ, ಅಂದರೆ ಅರುವತ್ತು ಕಂತುಗಳ, ಆವರ್ತ ಠೇವಣಿ ಉಂಟು.

ನಮ್ಮವರಿಗೆ ಪ್ರಿಯವಾದ ಚೀಟಿಯ ವಿಷಯವನ್ನು ಬಿಡುವಂತಿಲ್ಲ. ಮೊದಲ ತಿಂಗಳುಗಳಲ್ಲಿಯೇ ಕಡಿಮೆ ಮೊತ್ತಕ್ಕೆ ಕೂಗಿ ಚೀಟಿ ಎತ್ತುವವನು ವಾಸ್ತವವಾಗಿ ಸಾಲಗಾರ; ಕೊನೆಯವರೆಗೆ ಕಾಯುವವನು ಉಳಿತಾಯಗಾರ. ಒಂದೇ ಚೀಟಿಯಲ್ಲಿ ಇಬ್ಬರೂ ಇದ್ದಾರೆ. ಕಾಯುವವನ ಹಣವೆಲ್ಲವೂ ನಡೆಸುವವನ ಪ್ರಾಮಾಣಿಕತೆಯನ್ನು ಅವಲಂಬಿಸಿರುವುದರಿಂದ, ೧೯೮೨ರ ಚೀಟಿ ನಿಧಿ ಕಾಯಿದೆಯಂತೆ ಅದು ನೋಂದಣಿಯಾಗಿದೆಯೇ ಎಂದು ಮೊದಲೇ ವಿಚಾರಿಸಬೇಕು. ನಡೆಸುವವನ ದಲ್ಲಾಳಿಗೆ ಆ ಕಾಯಿದೆ ಮಿತಿ ಹಾಕಿದೆ. ೨೦೧೯ರ ತಿದ್ದುಪಡಿಯು ಅದನ್ನು ಶೇಕಡಾ ೫ರಿಂದ ೭ಕ್ಕೆ ಏರಿಸಿತು.

ಇಷ್ಟೆಲ್ಲವೂ ಉಳಿಸಲು ಏನಾದರೂ ಇರುವವರ ಮಾತು. ೧೮೫೭ರಲ್ಲಿ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞನು ಕೂಲಿಕಾರರ ಮನೆಗಳ ಜಮಾಖರ್ಚುಗಳನ್ನು ಪರೀಕ್ಷಿಸಿ, ಸಂಸಾರವು ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚುವುದೆಂದು ತೋರಿಸಿದನು. ೨೦೨೩-೨೪ರ ನಮ್ಮ ದೇಶದ ವೆಚ್ಚ ಸಮೀಕ್ಷೆಯಲ್ಲಿ ಆ ಪಾಲು ಹಳ್ಳಿಗಳಲ್ಲಿ ಶೇಕಡಾ ಸುಮಾರು ೪೭, ನಗರಗಳಲ್ಲಿ ಸುಮಾರು ೪೦. ಇದು ಸರಾಸರಿ, ಅದಕ್ಕಿಂತ ಕೆಳಗಿನವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಹಣವು ಒಲೆಗೇ ಸಲ್ಲುವ ಮನೆಗೆ ಮಿತವ್ಯಯವನ್ನು ಉಪದೇಶಿಸುವುದು ಸಭ್ಯತೆಯಲ್ಲ.

ಉಳಿಸಬಲ್ಲ ಮನೆಗಳಲ್ಲಿಯೂ ಒಂದು ತೊಡಕುಂಟು. ಲೆಕ್ಕವು ಯಾರಿಗೆ ತಿಳಿದಿದೆ? ೨೦೧೬ರ ನವೆಂಬರ್ ೮ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಗಳ ಹಳೆಯ ನೋಟುಗಳ ಚಲಾವಣೆ ರದ್ದಾದಾಗ, ಸಾಸಿವೆಯ ಡಬ್ಬಿಯಲ್ಲಿಯೂ ಸೀರೆಯ ಮಡಿಕೆಯಲ್ಲಿಯೂ ಗೃಹಿಣಿಯರು ಕೂಡಿಟ್ಟಿದ್ದ ಹಣ ಹೊರಬಂದಿತು. ಗಂಡಂದಿರು ನಕ್ಕರು, ಪತ್ರಿಕೆಗಳೂ ನಕ್ಕವು. ಆಕೆ ಅದನ್ನು ಏಕೆ ಬಚ್ಚಿಟ್ಟಳೆಂದು ಕೇಳಿದವರು ಕಡಿಮೆ. ಕಣ್ಣಿಗೆ ಬಿದ್ದ ಹಣವು ಉಳಿಯದೆಂದು ಆಕೆಗೆ ಅನುಭವದಿಂದ ತಿಳಿದಿತ್ತು. ಗಂಡನ ಸಂಬಳವೆಷ್ಟೆಂದು ತಿಳಿಯದ ಹೆಂಡತಿಯೂ, ಹೆಂಡತಿಯ ಉಳಿತಾಯವೆಷ್ಟೆಂದು ತಿಳಿಯದ ಗಂಡನೂ ಸೇರಿ ನಡೆಸುವ ಮನೆಯಲ್ಲಿ ಎರಡು ಖಜಾನೆಗಳಿವೆ, ಒಂದು ಆಯವ್ಯಯವೂ ಇಲ್ಲ. ಅಂಥ ಕಡೆ ಮೇಲೆ ಹೇಳಿದ ೯೬,೦೦೦ದ ಪಟ್ಟಿಯನ್ನು ಬರೆಯುವುದೇ ಸಾಧ್ಯವಿಲ್ಲ, ಏಕೆಂದರೆ ಅದರ ಅರ್ಧ ಆತನಿಗೆ ಗೊತ್ತು, ಇನ್ನರ್ಧ ಆಕೆಗೆ ಗೊತ್ತು.

ಹಿರಿಯ ಮಕ್ಕಳೂ ಆ ಪಟ್ಟಿಯನ್ನು ಕಾಣಲಿ ಎಂದರೆ, ಎಳೆಯರಿಗೆ ಚಿಂತೆಯೇಕೆ ಎನ್ನುವವರಿದ್ದಾರೆ. ಮನೆಯಲ್ಲಿ ಹಣದ ಮುಗ್ಗಟ್ಟಿರುವುದು ಹನ್ನೆರಡು ವರ್ಷದ ಹುಡುಗನಿಗೆ ಹೇಗೂ ತಿಳಿದಿರುತ್ತದೆ. ಎಷ್ಟೆಂಬುದು ಮಾತ್ರ ತಿಳಿದಿರುವುದಿಲ್ಲ. ಜೂನ್ ತಿಂಗಳಿನ ಕಾಲಂನಲ್ಲಿ ಅವನ ಶಾಲೆಯ ಶುಲ್ಕವನ್ನು ಅವನೇ ತನ್ನ ಕೈಯಾರೆ ಬರೆಯಲಿ.