ಕಬ್ಬಿನ ಗದ್ದೆಯ ಕಾಡುಬೆಕ್ಕು



ಕಬ್ಬು ಕಡಿಯುವ ಕಾಲದಲ್ಲಿ ಹೀಗೊಂದು ಪ್ರಸಂಗ ನಡೆಯುವುದುಂಟು. ಸಾಲು ಕಡಿಯುತ್ತ ಹೋದ ಆಳು ಥಟ್ಟನೆ ನಿಂತುಬಿಡುತ್ತಾನೆ. ಒಣ ತರಗಿನ ಮೇಲೆ ಎರಡೋ ಮೂರೋ ಮರಿಗಳು, ಮೈಮೇಲೆ ಪಟ್ಟೆ. "ಚಿರತೆ ಮರಿ ಕಣ್ರೋ, ಹೊಡೀರಿ!" ಎಂದು ಒಬ್ಬ ಕೂಗುತ್ತಾನೆ. "ಅಲ್ಲ ಕಣೋ, ಬೆಕ್ಕಿನ ಮರಿ. ಮನೆಗೆ ಒಯ್ದರೆ ಇಲಿ ಹಿಡಿದೀತು" ಎನ್ನುತ್ತಾನೆ ಇನ್ನೊಬ್ಬ. ಒಬ್ಬನಿಗೆ ಹೆದರಿಕೆ, ಇನ್ನೊಬ್ಬನಿಗೆ ಆಸೆ. ಮರಿಗಳಿಗೆ ಎರಡರಿಂದಲೂ ಕೇಡೇ.

ಅವು ಕಾಡುಬೆಕ್ಕಿನ ಮರಿಗಳು. ಹೆಸರು ಕಾಡುಬೆಕ್ಕಾದರೂ ದಟ್ಟ ಕಾಡಿಗಿಂತ ಕುರುಚಲು, ಹುಲ್ಲು, ಕೆರೆಯಂಚಿನ ಜೊಂಡು, ಹೊಲಗದ್ದೆ, ಇವೇ ಅದಕ್ಕೆ ಇಷ್ಟ. ಬೆಳೆದಂತೆ ಮರಿಯ ಪಟ್ಟೆ ಮಾಸಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕಾಲು ಉದ್ದ, ಬಾಲ ಗಿಡ್ಡ, ಬಾಲದ ತುದಿಯಲ್ಲಿ ಕಪ್ಪು ಬಳೆಗಳು, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕುಚ್ಚು. ಚಿರತೆಯ ಮರಿಗಾದರೆ ಮೈತುಂಬ ಒತ್ತಾದ ಚುಕ್ಕೆಗಳು. ಸಂಶಯ ಬಂದರೆ ಮಾತ್ರ ಅಲ್ಲಿ ನಿಲ್ಲಬೇಡಿ. ದೂರ ಸರಿದು ಅರಣ್ಯ ಇಲಾಖೆಯವರಿಗೆ ತಿಳಿಸಿ.

"ನಮ್ಮ ಮನೆಯ ಬೆಕ್ಕೂ ಒಂದು ಕಾಲದಲ್ಲಿ ಕಾಡಿನದೇ ಅಲ್ಲವೇ? ಇದನ್ನೂ ಸಾಕಿದರೇನು?" ಅಂತ ಕೇಳ್ತೀರಿ. ಕೇಳಬೇಕಾದ ಮಾತೇ. ನಮ್ಮ ಒಲೆಯ ಮುಂದೆ ಮಲಗುವ ಬೆಕ್ಕಿನ ಮೂಲ ಈ ಕಾಡುಬೆಕ್ಕಲ್ಲ. ಆಫ್ರಿಕದಲ್ಲೂ ಪಶ್ಚಿಮ ಏಷ್ಯದಲ್ಲೂ ಇರುವ ಬೇರೊಂದು ಜಾತಿಯ ಸಣ್ಣ ಬೆಕ್ಕು ಅದರ ಮೂಲ. ವಿಜ್ಞಾನಿಗಳು ಸಾವಿರದಷ್ಟು ಬೆಕ್ಕುಗಳ ವಂಶವಾಹಿಗಳನ್ನು ಹೋಲಿಸಿ ನೋಡಿ 2007ರಲ್ಲಿ ಇದನ್ನು ಪ್ರಕಟಿಸಿದರು. ಆ ಜಾತಿಯ ಒಂದು ಕವಲು ನಮ್ಮ ದೇಶದ ರಾಜಸ್ಥಾನ, ಕಚ್ಛದ ಕಡೆಯೂ ಇದೆ. ಅದರ ಮೈಮೇಲೆ ಕಪ್ಪು ಚುಕ್ಕೆಗಳು. ನಮ್ಮ ಕಾಡುಬೆಕ್ಕು ಮನೆಬೆಕ್ಕಿಗೆ ದಾಯಾದಿ ಇದ್ದ ಹಾಗೆ. ಮನೆತನ ಒಂದೇ, ಒಲೆ ಬೇರೆ.

ಆ ಇನ್ನೊಂದು ಜಾತಿ ಮನುಷ್ಯನ ಹತ್ತಿರ ಬಂದದ್ದು ಧಾನ್ಯದ ದೆಸೆಯಿಂದ. ಗೋಧಿ, ಜವೆಗೋಧಿ ಬೆಳೆದು ಕೂಡಿಟ್ಟಲ್ಲಿ ಇಲಿ ಸೇರಿತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದಾರೆ. ಆ ದ್ವೀಪಕ್ಕೆ ಬೆಕ್ಕು ತಾನಾಗಿ ಬರುವಂತಿಲ್ಲ, ದೋಣಿಯಲ್ಲಿ ಜನರೇ ತಂದಿರಬೇಕು. ಹೀಗೆ ಸಾವಿರಾರು ವರ್ಷ ನಮ್ಮ ಜೊತೆ ಬಾಳಿ ಪಳಗಿದ ಪ್ರಾಣಿ ಅದು. ಪ್ರಾಚೀನ ಈಜಿಪ್ಟಿನವರು ಕೆಡದಂತೆ ಕಾಪಿಟ್ಟ ಬೆಕ್ಕುಗಳ ಹೆಣಗಳಲ್ಲಿ ನಮ್ಮ ಕಾಡುಬೆಕ್ಕಿನ ಜಾತಿಯವೂ ಸಿಕ್ಕಿವೆ. ಆದರೂ ಅದು ಮನೆಯ ಪ್ರಾಣಿಯಾಗಲಿಲ್ಲ. ಮರಿಯನ್ನು ತಂದು ಹಾಲು ಹುಯ್ದ ಮಾತ್ರಕ್ಕೆ ನಿಮ್ಮ ಅಟ್ಟದ ಇಲಿ ಹಿಡಿದೀತೆಂದು ನಂಬಬೇಡಿ.

ಹೊಲದ ಇಲಿಯನ್ನು ಮಾತ್ರ ಹಿಡಿಯುತ್ತದೆ, ಕೂಲಿ ಕೇಳದೆ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ. ದಿನಕ್ಕೆ ಮೂರೇ ಎಂದು ಹಿಡಿದರೂ ವರ್ಷಕ್ಕೆ ಸಾವಿರ ದಾಟಿತು. ಒಂದು ಇಲಿ ನಿಮ್ಮ ಗದ್ದೆಯಲ್ಲಿ ಎಷ್ಟು ತೆನೆ ಕತ್ತರಿಸುತ್ತದೆ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೋಳಿ ಹಿಡಿಯುವುದಿಲ್ಲವೇ? ಹಿಡಿಯುತ್ತದೆ, ಸುಳ್ಳು ಹೇಳಲಾರೆ. ಮೊಟ್ಟೆಗಿದ್ದ ಕೋಳಿ ಹೋದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಆದರೆ ಅದಕ್ಕಾಗಿ ಉರುಳು ಹಾಕಬೇಡಿ. ಕತ್ತಲಾಗುವ ಮೊದಲೇ ಕೋಳಿಗಳನ್ನು ಕೂಡಿ, ಗೂಡಿನ ಬಾಗಿಲಿಗೆ ಅಗುಳಿ ಹಾಕಿ, ಸಂದುಗಳಿಗೆ ತಂತಿಬಲೆ ಹೊಡೆಯಿರಿ. ಕಾಡುಬೆಕ್ಕನ್ನು ಕೊಲ್ಲುವುದೂ ಹಿಡಿದಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇಲಿ ಪಾಷಾಣ ಇಟ್ಟವರು ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಿರಿ. ಅದನ್ನು ತಿಂದರೆ ಕಾಡುಬೆಕ್ಕಿಗೂ ಅಪಾಯ, ನಿಮ್ಮ ಮನೆಯ ಬೆಕ್ಕಿಗೂ ಅಪಾಯ.

ಇನ್ನು ಕಬ್ಬಿನ ಗದ್ದೆಯ ಮರಿಗಳ ಮಾತು. ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ, ನಾಯಿಗಳನ್ನು ಕಟ್ಟಿಹಾಕಿ. ಆ ಸುತ್ತಿನ ನಾಲ್ಕಾರು ಸಾಲು ಹಾಗೇ ಬಿಟ್ಟು ಬೇರೆ ಕಡೆ ಕಡಿಯಿರಿ, ತರಗಿಗೆ ಬೆಂಕಿ ಇಡಬೇಡಿ. ತಾಯಿ ದೂರ ಹೋಗಿರುವುದಿಲ್ಲ. ಜನರ ಸದ್ದಡಗಿದ ಮೇಲೆ ಬಂದು, ಒಂದೊಂದನ್ನೇ ಕತ್ತು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಬೆಳಿಗ್ಗೆ ದೂರದಿಂದ ನೋಡಿ. ಮರಿಗಳು ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ಹೇಳಿಕಳಿಸಿ. ಹೋಗಿದ್ದರೆ ಉಳಿದ ಸಾಲುಗಳನ್ನೂ ಕಡಿದುಕೊಳ್ಳಿ.